ಅಮೀನಾಬಿ ಹಚ್ಚಿದ ಎಣ್ಣೆ

ಸಿರಾದ ಕೋಟೆ ಹಿಂದಿನ ಬೀದಿಯಲ್ಲಿ ಅಮೀನಾಬಿಯ ಬಾಯಿಗೆ ಹೆದರದವರು ಇಬ್ಬರೇ ಇಬ್ಬರು. ಒಬ್ಬ ಅವಳ ಮೊಮ್ಮಗ ನಸ್ರುಲ್ಲಾ, ಇನ್ನೊಬ್ಬ ಗರಡಿಯ ಉಸ್ತಾದ್ ಬೊಮ್ಮಪ್ಪ. ಮೊಮ್ಮಗನನ್ನು ಎಳೆಗೂಸಾಗಿದ್ದಾಗಿನಿಂದ ಸಾಕಿದವಳು ಅವಳೇ. ಸೊಸೆ ಬಾಣಂತನದಲ್ಲೇ ತೀರಿಕೊಂಡಿದ್ದಳು. ಮಗ ಇಸಾಕ್ ಪಾತ್ರೆಗಳಿಗೆ ಕಲಾಯಿ ಹಾಕುತ್ತಾ ಊರೂರು ಅಲೆಯುವವನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಹುಡುಗನ ಮೈಮೇಲಿನ ಒಂದೊಂದು ಹಿಡಿ ಮಾಂಸವೂ ತನ್ನ ಕೈಯಡುಗೆಯದ್ದು ಎಂದು ಮುದುಕಿ ಹೇಳಿಕೊಂಡು ತಿರುಗುತ್ತಿದ್ದಳು. ಸುಳ್ಳೇನಲ್ಲ ಬಿಡಿ. ರಾಗಿ ಮುದ್ದೆ, ಮೊಟ್ಟೆ, ಬಾದಾಮಿ ಅರೆದು ಹಾಕಿದ ಹಾಲು, ತಾನು ಅರೆಹೊಟ್ಟೆ ಉಂಡಾದರೂ ಅವನಿಗೆ ಇಕ್ಕಿದ್ದಳು.

ಹುಡುಗನೂ ಹಾಗೇ ಬೆಳೆದ. ಹದಿನೇಳಕ್ಕೇ ಬಾಗಿಲು ತುಂಬುವಂಥ ಮೈ. ಹೊಸ ಮೈಸೂರು ರಾಜ್ಯ ಆದ ಮರುವರ್ಷ ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಎಳೆಯ ಪೈಲ್ವಾನರಿಗೆಂದೇ ಸಿರಾದಲ್ಲಿ ಕುಸ್ತಿ ಏರ್ಪಾಡಾಯಿತು. ಗೆದ್ದವನಿಗೆ ಬೆಳ್ಳಿ ಕಡಗ. ಅದಕ್ಕಿಂತ ಹೆಚ್ಚಾಗಿ, ಅವನನ್ನು ಮೈಸೂರಿನ ದಸರಾ ಕುಸ್ತಿಗೆ ಕಳಿಸುವುದಾಗಿ ಮಾತಾಗಿತ್ತು. ಮೊದಲ ದಿನ ನಸ್ರುಲ್ಲಾ ಮಧುಗಿರಿಯವನೊಬ್ಬನನ್ನೂ ಕೊರಟಗೆರೆಯವನೊಬ್ಬನನ್ನೂ ಮಣ್ಣು ಮುಕ್ಕಿಸಿದ. ಮಾರನೆಯ ದಿನಕ್ಕೆ ಕಡೆಯ ಜೋಡಿ ಉಳಿಯಿತು: ಸಿರಾದ ನಸ್ರುಲ್ಲಾ, ಪಾವಗಡ ತಾಲ್ಲೂಕು ವೈ.ಎನ್.ಹೊಸಕೋಟೆಯ ಕದರಪ್ಪ.

ಆ ಸಂಜೆ ಪಕ್ಕದ ಮನೆಯ ಅಖ್ತರ್ ಬೇಗಂ ಬಂದು ಕೂತು, ಸುಮ್ಮನಿರಲಾರದೆ ಒಂದು ಮಾತು ಬಿಟ್ಟಳು.

"ಆ ಹೊಸಕೋಟೆ ಹುಡ್ಗ ಸೊಂಟ ಹಿಡಿದ್ರೆ ಬುಡೋದೇ ಇಲ್ವಂತೆ ಖಾಲಾ. ಹೋದ್ವರ್ಸ ಯಾವನ್ನೋ ಹಿಂದಿನಿಂದ ತಬ್ಕೊಂಡು ಎತ್ತಿ ಹಾಕಿದ್ನಂತೆ. ಅವ್ನು ಎಂಟು ದಿನ ಚಾಪೆ ಬುಟ್ಟು ಏಳ್ಲಿಲ್ವಂತೆ."

"ನಿನ್ನ ಬಾಯಿಗೆ ಬೆಂಕಿ ಬೀಳ," ಎಂದು ಅಮೀನಾಬಿ ಅವಳನ್ನು ಬೈದು ಕಳಿಸಿದಳು. ಆದರೆ ಮಾತು ಎದೆಯೊಳಗೆ ಕೂತಾಗಿತ್ತು. ಸೊಂಟ ಹಿಡಿದುಕೊಂಡರೆ ಗತಿಯೇನು? ಬೆನ್ನು ಉಳುಕಿದರೆ? ತಾಯಿಯಿಲ್ಲದ ಮಗು!

ಇಲ್ಲಿ ಗರಡಿಯ ಒಂದು ಕಟ್ಟುಪಾಡನ್ನು ಹೇಳಬೇಕು. ಕುಸ್ತಿಗೆ ಮೂರು ದಿನ ಇರುವಾಗಲೇ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿಬಿಡುತ್ತಾರೆ. ಎಣ್ಣೆ ಮೈ ಬೆವರಿದಾಗ ಜಾರುತ್ತದೆ, ಎದುರಾಳಿಯ ಹಿಡಿತ ನಿಲ್ಲುವುದಿಲ್ಲ. ಎಣ್ಣೆ ಹಚ್ಚಿಕೊಂಡು ಅಖಾಡಕ್ಕೆ ಇಳಿಯುವುದೂ ಒಂದೇ, ಪಕ್ಕದವನ ಮನೆಗೆ ಕನ್ನ ಹಾಕುವುದೂ ಒಂದೇ. ಇದು ಗರಡಿಯ ಮಕ್ಕಳಿಗೆಲ್ಲ ಗೊತ್ತು. ಆದರೆ ಹೆಂಗಸರು ಗರಡಿಯ ಹೊಸಲು ತುಳಿಯುವಂತಿಲ್ಲವಲ್ಲ, ಅಮೀನಾಬಿಗೆ ಯಾರು ಬಿಡಿಸಿ ಹೇಳಬೇಕು? "ಎಣ್ಣೆ ಬ್ಯಾಡ ದಾದಿ, ಉಸ್ತಾದ್ ಬ್ಯಾಡ ಅಂದವ್ರೆ," ಎಂದಷ್ಟೇ ಹುಡುಗ ಅಜ್ಜಿಗೆ ಹೇಳಿದ್ದ. ಬೊಮ್ಮಪ್ಪನಿಗೆ ತಲೆ ಕೆಟ್ಟಿದೆ ಎಂದುಕೊಂಡಳು ಮುದುಕಿ. ಎಣ್ಣೆ ಕಾಣದ ಕೀಲು ಮುರಿಯದೆ ಇನ್ನೇನಾದೀತು?

ಬೆಳಗಿನ ಅಜಾನ್‌ಗೆ ಮೊದಲೇ ಎದ್ದಳು. ಹುಡುಗ ಚಾಪೆಯ ಮೇಲೆ ಬೋರಲಾಗಿ ಬಿದ್ದಿದ್ದ. ಎರಡು ಕುಸ್ತಿ ಹಿಡಿದ ಮೈ, ಮೇಲೆ ಎತ್ತಿನ ಗಾಡಿ ಹೋದರೂ ಎಚ್ಚರವಿಲ್ಲ. ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ, ದುವಾ ಓದಿಕೊಳ್ಳುತ್ತಾ, ಬೆನ್ನಿಗೂ ಸೊಂಟಕ್ಕೂ ನಿಧಾನವಾಗಿ ತಿಕ್ಕಿದಳು. ಚಿಕ್ಕಂದಿನಿಂದ ಆ ಕೈಗೆ ಒಗ್ಗಿದ ಮೈ, ನಿದ್ದೆಯಲ್ಲೇ ಒಮ್ಮೆ ಮುಲುಗಿ ಸುಮ್ಮನಾಯಿತು. ಎದ್ದಮೇಲೆ ಗೊತ್ತಾದರೆ ರಂಪ ಮಾಡುತ್ತಾನೆ ಎಂದು ಮೇಲೆ ಕಡಲೆಹಿಟ್ಟು ಉದುರಿಸಿ ಬಟ್ಟೆಯಲ್ಲಿ ಒರೆಸಿದಳು. ತನ್ನ ಬುದ್ಧಿವಂತಿಕೆಯನ್ನು ತಾನೇ ಮೆಚ್ಚಿಕೊಂಡು ಒಲೆ ಹಚ್ಚಲು ಹೋದಳು.

ಮಧ್ಯಾಹ್ನ ಮೈದಾನದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅಖ್ತರ್ ಬೇಗಂ ಮನೆಯ ಹಿಂಬದಿಯ ಮಾಳಿಗೆ ಅಖಾಡಕ್ಕೆ ಎದುರಿಗೇ ಇತ್ತು. ಬೀದಿಯ ಹೆಂಗಸರೆಲ್ಲ ಅಲ್ಲಿ ಗೋಡೆಯ ಮರೆಯಲ್ಲಿ ಕೂತಿದ್ದರು. ಅಮೀನಾಬಿಗೆ ಎಲ್ಲರಿಗಿಂತ ಮುಂದಿನ ಜಾಗ. ಅದಕ್ಕೂ ಒಂದು ಸಣ್ಣ ಜಗಳವಾಗಿತ್ತೆನ್ನಿ.

ಹುಡುಗರಿಬ್ಬರೂ ಕೆಂಪು ಮಣ್ಣಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡರು. ಆಮೇಲೆ ಒಬ್ಬರ ತೋಳಿಗೆ ಒಬ್ಬರು ಮಣ್ಣು ಹಚ್ಚಿ ಕೈ ಕೊಟ್ಟರು. ಕದರಪ್ಪ ಕಪ್ಪಗೆ, ಕುಳ್ಳಗೆ, ಗಟ್ಟಿಮುಟ್ಟಾಗಿದ್ದ. ಕಡಲೆಕಾಯಿ ಹೊಲದಲ್ಲಿ ದುಡಿದ ಕೈಗಳು. ತೀರ್ಪು ಹೇಳಲು ತುಮಕೂರಿನಿಂದ ಬಂದಿದ್ದ ಹಿರಿಯ ಪೈಲ್ವಾನರು ಸೀಟಿ ಊದಿದರು.

ಐದಾರು ನಿಮಿಷ ಕತ್ತಿಗೆ ಕತ್ತು, ಭುಜಕ್ಕೆ ಭುಜ. ಯಾರೂ ಬಗ್ಗಲಿಲ್ಲ. ಬೆವರು ಹರಿಯತೊಡಗಿತು. ಆಗ ಕದರಪ್ಪ ಸರಕ್ಕನೆ ನುಸುಳಿ ಹಿಂದೆ ಬಂದು ಸೊಂಟ ಹಿಡಿದೇಬಿಟ್ಟ! ಅಮೀನಾಬಿಯ ಜೀವ ಬಾಯಿಗೆ ಬಂತು. ಆದರೆ ಎತ್ತುವಷ್ಟರಲ್ಲಿ ಕೈ ಜಾರಿತು. ಇನ್ನೊಮ್ಮೆ ಹಿಡಿದ, ಮತ್ತೆ ಜಾರಿತು. ಕದರಪ್ಪ ತನ್ನ ಅಂಗೈಯನ್ನು ತಾನೇ ನೋಡಿಕೊಂಡ, ಮಣ್ಣಿಗೆ ತಿಕ್ಕಿಕೊಂಡು ಮತ್ತೆ ಬಂದ. ಮೂರನೇ ಸಲ ಜಾರಿದಾಗ ಅವನ ಕಾಲು ತಪ್ಪಿತು. ಅಷ್ಟು ಸಾಕಾಯಿತು ನಸ್ರುಲ್ಲಾನಿಗೆ. ತಿರುಗಿ ಕಾಲಿಗೆ ಕೈ ಹಾಕಿ ಕೆಡವಿ ಮೇಲೆ ಬಿದ್ದ. ಒಂದು ಭುಜ ಮಣ್ಣಿಗೆ ತಾಗಿತು. ಇನ್ನೊಂದೂ ತಾಗಿದರೆ ಕುಸ್ತಿ ಮುಗಿದಂತೆ; ಅದಕ್ಕೆ ಎರಡೇ ಎರಡು ಬೆರಳು ಬಾಕಿ.

"ಚಿತ್ ಮಾಡ್ಲಾ! ಚಿತ್ ಮಾಡ್ಲಾ!" ಇಡೀ ಸಿರಾ ಕೂಗಿತು. ಮಾಳಿಗೆಯ ಮೇಲೆ ಅಮೀನಾಬಿ ಎದ್ದು ನಿಂತು, "ಶಾಬಾಸ್ ನನ್ ಶೇರ್!" ಎಂದು ಎದೆ ತಟ್ಟಿಕೊಂಡಳು.

ಕೆಳಗಿದ್ದ ಕದರಪ್ಪ ಬಿಡಿಸಿಕೊಳ್ಳಲು ಕೊಸರುತ್ತಾ ನಸ್ರುಲ್ಲಾನ ಬೆನ್ನಿಗೆ ಕೈ ಹಾಕಿದ. ಅದೂ ಸರ್ರನೆ ಜಾರಿತು. ಆಗ ನಸ್ರುಲ್ಲಾನಿಗೆ ಏನೋ ಅನುಮಾನ ಬಂದಿರಬೇಕು. ಒಂದು ಕೈಯನ್ನು ಹಿಂದಕ್ಕೆ ಒಯ್ದು ತನ್ನ ಸೊಂಟ ಸವರಿಕೊಂಡ. ಅಂಗೈಯನ್ನು ಮೂಗಿಗೆ ಹಿಡಿದ. ಹರಳೆಣ್ಣೆಯ ವಾಸನೆ, ಜತೆಗೆ ಕಡಲೆಹಿಟ್ಟು. ಆ ವಾಸನೆಯನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕದರಪ್ಪನನ್ನು ಬಿಟ್ಟು ಎದ್ದು ನಿಂತ.

ಜನಕ್ಕೆ ಏನೊಂದೂ ಅರ್ಥವಾಗಲಿಲ್ಲ. ಅವನು ನೇರವಾಗಿ ತುಮಕೂರಿನ ಪೈಲ್ವಾನರ ಮುಂದೆ ಹೋಗಿ ಅಂಗೈ ಚಾಚಿದ. ಅವರು ಮೂಸಿ ನೋಡಿ ಮುಖ ಗಂಟಿಕ್ಕಿದರು. ಅವರು ಬಾಯಿ ಬಿಡುವ ಮೊದಲೇ ನಸ್ರುಲ್ಲಾ ಹಿಂದಿರುಗಿ, ಕದರಪ್ಪನನ್ನು ಎಬ್ಬಿಸಿ, ಅವನ ಕೈಯನ್ನು ತಾನೇ ಮೇಲಕ್ಕೆತ್ತಿ ಹಿಡಿದ.

"ಅಯ್ಯೋ ಬೇಕೂಫ! ಗೆದ್ದ ಕುಸ್ತೀನ ಯಾವನಾದ್ರೂ ಬುಡ್ತಾನಾ?" ಅಮೀನಾಬಿ ತಲೆತಲೆ ಚಚ್ಚಿಕೊಂಡಳು. ಕೆಳಗೆ ಜನ ಹುಯ್ಯಲಿಟ್ಟರು. "ಎಣ್ಣೆ ಹಚ್ಕೊಂಡವ್ನೆ! ಮೋಸ! ಕಳ್ಳ ಕುಸ್ತಿ!" ಎನ್ನುವ ಮಾತು ಬಾಯಿಂದ ಬಾಯಿಗೆ ಹರಿದು ಮಾಳಿಗೆಯವರೆಗೂ ಬಂತು. ಬೆಳಗ್ಗೆ ತಾನು ಮಾಡಿದ್ದು ಮೋಸವೆಂದು ಅಮೀನಾಬಿಗೆ ಆಗ ತಿಳಿಯಿತು; ಚಚ್ಚಿಕೊಳ್ಳಲು ಎತ್ತಿದ್ದ ಕೈ ಇಳಿಸಿದಳು.

ಅಷ್ಟರಲ್ಲಿ ಉಸ್ತಾದ್ ಬೊಮ್ಮಪ್ಪ ಅಖಾಡದೊಳಕ್ಕೆ ಬಂದ. ಹುಲಿಯಂಥ ಮನುಷ್ಯ. ಅವನು ಬಂದದ್ದೇ ಜನವೆಲ್ಲ ಗಪ್‌ಚಿಪ್. ಒಂದೊಂದು ಮಾತೂ ಮಾಳಿಗೆಗೆ ಕೇಳಿಸುತ್ತಿತ್ತು.

"ಯಾರ್ಲಾ ಹಚ್ಚಿದ್ದು ಎಣ್ಣೆ?"

"ನಾನೇ ಹಚ್ಕೊಂಡೆ ಉಸ್ತಾದ್."

"ಹಚ್ಚಬಾರ್ದು ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

ಬೊಮ್ಮಪ್ಪನ ಮುಖ ಕಪ್ಪಿಟ್ಟಿತು. ಹತ್ತು ವರ್ಷ ಸ್ವಂತ ಮಗನ ಹಾಗೆ ತಿದ್ದಿದ್ದ ಹುಡುಗ. "ಅಂಗಾದ್ರೆ ಇವತ್ತಿಗೆ ಮುಗೀತು ಕಣ್ಲಾ. ನಾಳೆಯಿಂದ ನನ್ ಗರಡಿ ಹೊಸಲು ತುಳೀಬ್ಯಾಡ. ಬೇರೆ ಯಾವ ಗರಡೀಲೂ ನಿನ್ನ ಸೇರಿಸ್ಕಳ್ದಂಗೆ ಹೇಳಿ ಕಳಿಸ್ತೀನಿ."

ನಸ್ರುಲ್ಲಾ ತಲೆ ತಗ್ಗಿಸಿ ನಿಂತಿದ್ದ. ಒಂದು ಸಲವೂ ಮಾಳಿಗೆಯ ಕಡೆ ಕಣ್ಣೆತ್ತಲಿಲ್ಲ.

ಅದು ಅಮೀನಾಬಿಯ ಕಣ್ಣಿಗೆ ಬಿತ್ತು. ಕಣ್ಣೆತ್ತಿದರೆ ದಾದಿಯ ಹೆಸರು ಹೊರಬಿದ್ದೀತು ಎಂದು ತಾನೇ? ಕಡಗ ಹೋಯಿತು, ಮೈಸೂರು ಹೋಯಿತು, ಈಗ ಗರಡಿಯೂ ಹೋಗುತ್ತಿದೆ. ಮೇಲೆ ಕಳ್ಳ ಎನ್ನುವ ಹೆಸರು ಬೇರೆ. ಅಷ್ಟನ್ನೂ ಹೊತ್ತುಕೊಂಡು ಹುಡುಗ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಾನೆ.

ಚಾದರ ಹೊದ್ದು ಮೆಟ್ಟಿಲಿಳಿದಳು. ಅಖ್ತರ್ ಬೇಗಂ, "ಖಾಲಾ, ಎಲ್ಲಿಗೆ? ಅಲ್ಲಿ ಬರೀ ಗಂಡಸ್ರು!" ಎಂದು ಸೆರಗು ಹಿಡಿದರೆ ಕೊಸರಿಕೊಂಡು ನಡೆದಳು. ಎರಡು ಸಾವಿರ ಗಂಡಸರ ನಡುವೆ ಒಬ್ಬ ಮುದುಕಿ. ಯಾರೋ ಒಬ್ಬ ಅಡ್ಡ ನಿಂತು, "ಬೂಬಮ್ಮ, ಹೆಂಗಸ್ರು ಅಖಾಡದತ್ರ ಬರಂಗಿಲ್ಲ," ಎಂದ.

"ನಿಮ್ ಮಣ್ಣು ತುಳಿಯಾಕಿಲ್ಲ ಕಣಪ್ಪ. ಜಾಗ ಬುಡು."

ಅವಳ ದನಿ ಕೇಳಿ ಅವನು ಸರಿದ. ಅಖಾಡದ ಅಂಚಿಗೆ ಬಂದು, ಮಣ್ಣಿಗೆ ಒಂದು ಗೇಣು ಈಚೆಗೇ ನಿಂತಳು. ಎರಡೂ ಅಂಗೈ ಮುಂದೆ ಚಾಚಿದಳು.

"ಬೊಮ್ಮಪ್ಪ, ಬಾ ಇಲ್ಲಿ. ಮೂಸು ಇದ್ನ. ಎಣ್ಣೆ ಹಚ್ಚಿದ್ದು ನಾನು. ನಿದ್ದೆಯಾಗಿದ್ದ ಹುಡ್ಗನಿಗೆ ಹಚ್ಚಿ, ಗೊತ್ತಾಗ್ದಂಗೆ ಕಡ್ಲೆಹಿಟ್ಟಲ್ಲಿ ಒರೆಸ್ದೆ. ಸೊಂಟ ಉಳುಕ್ದೆ ಇರ್ಲಿ ಅಂತ. ಮೋಸ ಅಂತ ಗೊತ್ತಿದ್ರೆ ನನ್ ಕೈ ಕಡ್ಕೊಂತಿದ್ದೆ."

"ದಾದಿ, ನೀನು ಮನೆಗೆ ಹೋಗು," ಎಂದ ನಸ್ರುಲ್ಲಾ.

"ನೀನು ಸುಮ್ಕಿರ್ಲಾ. ಸುಳ್ಳು ಹೇಳಾಕೆ ನಿಂಗ್ಯಾರ್ಲಾ ಕಲಿಸ್ದೋರು?" ಎಂದು ಅಷ್ಟು ಜನರೆದುರಿಗೇ ಗದರಿದಳು. ಆಮೇಲೆ ಕದರಪ್ಪನ ಕಡೆ ತಿರುಗಿದಳು. ಅಮೀನಾಬಿ ಹುಟ್ಟಿದಾಗಿನಿಂದ ಯಾರ ಹತ್ತಿರವೂ ತಪ್ಪಾಯಿತು ಎಂದವಳಲ್ಲ. "ಮಗಾ, ನಿನ್ ಕೈ ಜಾರಿದ್ದು ನಿನ್ ತಪ್ಪಲ್ಲ ಕಣಪ್ಪ. ಈ ಮುದುಕಿ ಮಾಡಿದ್ದು. ಮಾಫ್ ಮಾಡು."

ಕದರಪ್ಪ ಕಕ್ಕಾಬಿಕ್ಕಿಯಾದ. ಮೈಯೆಲ್ಲ ಮಣ್ಣಾಗಿದ್ದ ಹುಡುಗ ಅಲ್ಲಿಂದಲೇ ಕೈ ಮುಗಿದ.

"ಅಂತ ಮಾತ್ಯಾಕವ್ವಾ? ನನ್ ಒಂದು ಭುಜ ಬಿದ್ದಿತ್ತು. ಇನ್ನೊಂದಕ್ಕೆ ಎರಡು ಬೆರಳು ಅಷ್ಟೇ. ಒತ್ತಿದ್ರೆ ಐಪೋಯ್ತು, ಕುಸ್ತಿ ಮುಗೀತು, ಯಾರೂ ಕೇಳ್ತಿರ್ಲಿಲ್ಲ. ಅಂಥಾ ಹೊತ್ನಾಗೆ ಬುಟ್ಟು ಎದ್ನಲ್ಲ ಇವ್ನು! ನಾನಾಗಿದ್ರೆ ಬುಡ್ತಿದ್ನಾ ಅಂತ ಆಗಿಂದ ಕೇಳ್ಕೊಂತಿವ್ನಿ. ಬುಡ್ತಿದ್ದೆ ಅನ್ನಾಕೆ ಬಾಯಿ ಬರ್ತಿಲ್ಲ ನಂಗೆ."

ಜನದ ನಡುವೆ ಯಾರೋ ಚಪ್ಪಾಳೆ ತಟ್ಟಿದರು. ಹುಯ್ಯಲಿಟ್ಟಿದ್ದ ಬಾಯಿಗಳೇ ಈಗ ಶಿಳ್ಳೆ ಹೊಡೆದವು. ಜನವೆಂದರೆ ಹಾಗೇ ತಾನೇ.

ತುಮಕೂರಿನ ಪೈಲ್ವಾನರು ಕೈಯೆತ್ತಿ ಸುಮ್ಮನಾಗಿಸಿದರು. ಯಾರು ಹಚ್ಚಿದರೂ ಎಣ್ಣೆ ಎಣ್ಣೆಯೇ, ಕುಸ್ತಿ ಕದರಪ್ಪನದು, ಮೈಸೂರಿಗೆ ಹೋಗುವವನೂ ಅವನೇ ಎಂದರು. ಅಮೀನಾಬಿ ತಲೆಯಾಡಿಸಿದಳು. ಆದರೆ ಅವಳ ಕಣ್ಣೆಲ್ಲ ಬೊಮ್ಮಪ್ಪನ ಮೇಲೆ.

ಬೊಮ್ಮಪ್ಪ ಶಿಷ್ಯನ ಹತ್ತಿರ ಬಂದ. "ಅಖಾಡದ ಮಣ್ಣಲ್ಲಿ ನಿಂತು ನಂಗೇ ಸುಳ್ಳು ಹೇಳ್ತೀಯೇನ್ಲಾ? ಅದಕ್ಕೆ ದಂಡ ತೆರಬೇಕು. ನಾಳೆಯಿಂದ ಒಂದು ತಿಂಗ್ಳು ಬೆಳಿಗ್ಗೆ ಎಲ್ರಿಗಿಂತ ಮುಂಚೆ ಬಂದು ಗರಡಿ ಮಣ್ಣು ನೀನೊಬ್ನೇ ಅಗೀಬೇಕು." ಗದರಿಸುತ್ತಿದ್ದ ದನಿ ಅಲ್ಲಿಗೇ ಒಡೆಯಿತು. ಹುಡುಗನ ಎಣ್ಣೆ ಮೈಯನ್ನು ತೋಳು ತುಂಬ ತಬ್ಬಿಕೊಂಡ. ಹುಲಿಯಂಥ ಆ ಮನುಷ್ಯ ಅಷ್ಟು ಜನರೆದುರು ಅಳುವುದನ್ನು ಸಿರಾ ಅದೇ ಮೊದಲು ನೋಡಿದ್ದು.

ಮನೆಗೆ ಹೋಗುವಾಗ ಅಮೀನಾಬಿ ಮುಂದೆ, ಮೊಮ್ಮಗ ಹಿಂದೆ. ಬೀದಿಯ ತಿರುವಿನಲ್ಲಿ ಹೂವು ಮಾರುವ ಹನುಮಕ್ಕ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ವ್ಯಾಪಾರ ಬಿಟ್ಟು ಕುಸ್ತಿ ನೋಡಲು ಬಂದಿರಲಿಲ್ಲ ಪಾಪ.

"ಏನಾಯ್ತು ಬೂಬಮ್ಮ? ಗೆದ್ನಾ ಹುಡ್ಗ?"

"ಸೋತ ಕಣೇ ಹನುಮಕ್ಕ!" ಎಂದಳು ಅಮೀನಾಬಿ, ಬೀದಿಗೆಲ್ಲ ಕೇಳುವ ಹಾಗೆ. "ನಾಲ್ಕು ತಾಲ್ಲೂಕಿನ ಮುಂದೆ ಸೋತ ನನ್ ಮೊಮ್ಮಗ!"

ಹನುಮಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ನಸ್ರುಲ್ಲಾ ನಾಚಿ ಕೆಂಪಾಗಿ, "ದಾದಿ, ಮೆಲ್ಲಗೆ," ಎಂದು ಬೇಡಿಕೊಂಡ.

"ಯಾಕ್ಲಾ ಮೆಲ್ಲಗೆ?" ಎಂದು ಚಾದರ ಸರಿ ಮಾಡಿಕೊಂಡು, ಎದೆ ಮುಂದೆ ಮಾಡಿ, ಈ ಸೋಲನ್ನು ಇನ್ನೊಬ್ಬರಿಗೂ ಸಾರಲು ತಿರುವಿನ ಮನೆಯ ಬಾಗಿಲಿಗೆ ಹೋಗಿ ಚಿಲಕ ಬಡಿದಳು.