ಬಾಣಂತಿಗೆ ನೀರು

"ಎಣ್ಣೆ ಕೈಯಲ್ಲಿ ಫ್ರಿಜ್ ಮುಟ್ಟಿದೀಯಲ್ಲೇ, ಮುಂಡೆ. ಅಮೆರಿಕಾಗೆ ಬಂದ್ರೂ ನಿನ್ನ ಜಾತಿ ಬುದ್ಧಿ ಬಿಡಲಿಲ್ವಲ್ಲ."

ನನ್ನ ಕೈಯಲ್ಲಿ ನೀರಿನ ಲೋಟವಿತ್ತು. ಇಂದುಮತಮ್ಮ ದಾರಿಗೆ ಅಡ್ಡ ನಿಂತಿದ್ದರು.

"ಯಾರಿಗೆ ನೀರು?"

"ಧೃತಮ್ಮಂಗೆ. ನಾಲ್ಗೆ ಒಣಗೋಗ್ಯದೆ ಅಂತಾವ್ರೆ."

"ಬಾಣಂತಿಗೆ ನೀರಾ? ಮೈ ನಂಜಾಗತ್ತೆ, ಊದ್ಕೊಳ್ಳತ್ತೆ. ಮೂರು ಹೆತ್ತಿದೀನಿ ನಾನು. ನೀನು ಒಂದು ಹೆತ್ತು ಮಣ್ಣಿಗೆ ಹಾಕ್ದೋಳು, ನನಗೆ ಕಲಿಸ್ತೀಯಾ?"

ಲೋಟವನ್ನು ಅವರ ಮುಖಕ್ಕೆ ಎರಚಬೇಕೆನಿಸಿತು. ಸಿಂಕಿಗೆ ಚೆಲ್ಲಿದೆ. ಆಮೇಲೆ ಸ್ನಾನದ ಮನೆಯ ನಲ್ಲಿಯಲ್ಲಿ ಹಿಡಿದು ಧೃತಿಗೆ ಕುಡಿಸಿದೆ.

ಬಾಣಂತನ ಮಾಡುವುದು ನನ್ನ ಕೆಲಸ. ಮಂಡ್ಯದ ಕಡೆಯವಳು, ಹೊಲಗೇರಿಯವಳು. ನನ್ನನ್ನು ಈ ದೇಶಕ್ಕೆ ಕರೆತಂದವರು ಇಂದುಮತಮ್ಮನ ತಮ್ಮ ಬದರೀನಾಥರು. ಲಿಸ್ಲ್ ಎಂಬ ಊರಿನಲ್ಲಿ ಅವರ ಮಗಳ ಬಾಣಂತನ ಮುಗಿಯುತ್ತಲೇ ಇಡ್ಲಿ ಪಾತ್ರೆ ದಾಟಿಸಿದ ಹಾಗೆ ನನ್ನನ್ನು ಟ್ರಾಯ್ ಊರಿಗೆ, ಅಕ್ಕನ ಮನೆಗೆ ದಾಟಿಸಿದರು. ನನಗಿಂತ ಮೊದಲೇ ನನ್ನ ಪಾಸ್‌ಪೋರ್ಟ್ ಇಲ್ಲಿಗೆ ಬಂದು ಮಹಡಿಯ ಮೇಲಿನ ಬೀರು ಸೇರಿತ್ತು. ನಾನು ಈ ಮನೆಗೆ ಬಂದು ಹತ್ತು ತಿಂಗಳಾಯಿತು. ಈ ಮನೆಯ ಸೊಸೆ ಧೃತಿ ಬಸುರಿಯಾಗಿರುವಾಗಲೇ ಇವರ ಪರಿಚಯದ ನಾಲ್ಕು ಮನೆಗಳಿಗೆ ನನ್ನನ್ನು ಕಳಿಸಿದ್ದರು. ಎಲ್ಲ ಮನೆಯಲ್ಲೂ ಒಂದೇ ಧರ್ಮ. ಬಾಣಂತಿಯ ಮೈ ತಿಕ್ಕಲು ನನ್ನ ಕೈ ಬೇಕು. ಅವಳ ತಲೆಗೆ ನೀರು ಬಿದ್ದರೆ ಮೈಲಿಗೆ ಹೋಯಿತು. ಅನ್ನ ಬಡಿಸಲು ಈ ಕೈ ಆಗದು. ನನ್ನ ಚಾಪೆ, ತಟ್ಟೆ ಎರಡೂ ಕಾರು ನಿಲ್ಲಿಸುವ ಗರಾಜಿನಲ್ಲಿ. ಓಡಿಹೋಗೋಣವೆಂದರೆ ಕಾರಿಲ್ಲದವಳಿಗೆ ಈ ಊರಿನಲ್ಲಿ ಅಂಗಡಿಯೇ ನಾಲ್ಕು ಮೈಲಿ.

ಧೃತಿ ಮಾತ್ರ ಬೇರೆ ಥರ. ಹೊಟ್ಟೆ ಕೊಯ್ದು ಮಗು ತೆಗೆದಿದ್ದರು. ಗಾಯದ ಹತ್ತಿರ ಹೋಗದೆ ನಾನು ಬೆನ್ನು, ಕಾಲು ಮಾತ್ರ ತಿಕ್ಕುತ್ತಿದ್ದೆ. ಐದನೇ ದಿನ ತಾನಾಗಿ ಬಾಯಿ ಬಿಟ್ಟಳು.

"ಮಗು ಚೆನ್ನಾಗಿದೆಯಲ್ಲ, ಮತ್ತೇನು ಅಂತಾರೆ ಎಲ್ರೂ. ಪದ್ಮಮ್ಮ, ಆಪರೇಷನ್ ಟೇಬಲ್ ಮೇಲೆ ಎಷ್ಟು ಬ್ಲಡ್ ಹೋಯ್ತು ಅಂತ ಡಾಕ್ಟರ್‌ಗಳು ಜೋರಾಗಿ ಹೇಳ್ತಾ ಇದ್ರು. ಕಣ್ಣು ಮುಚ್ಚಿದ್ರೆ ಅದೇ ಕೇಳತ್ತೆ. ಗಾಯ ಕಾಣತ್ತೆ ಅಂತ ಸ್ನಾನಕ್ಕೆ ಬರೋಕೂ ಭಯ."

"ನಂಗೂ ಆಗಿತ್ತು ಕಣವ್ವ" ಎಂದೆ. "ನೋವಿಗೆ ಕೂಗ್ಕಂಡ್ರೆ ನರ್ಸಮ್ಮ ತೊಡೆಗೆ ಬಾರಿಸಿದ್ಲು. ಮನೀಕೊಳೋವಾಗ ಸುಖವಾಗಿತ್ತಾ ಅಂದ್ಲು ಆ ಸೂಳೆ. ತಲೆ ಸಿಡೀತದೆ, ಕಣ್ ಮುಂದೆ ಮಿಣುಕು ಉಳ ಆಡ್ತವೆ ಅಂತ ಯೋಳ್ದೆ. ನಾಟ್ಕ ಆಡ್ಬ್ಯಾಡ ಅಂದ್ಲು. ಆಮೇಕೆ ಫಿಟ್ಸು ಬಂತು. ಕಣ್ ಬುಟ್ಟಾಗ ಕೈನ ಮಂಚಕ್ ಕಟ್ಟಿದ್ರು. ಕೂಸು ಇರ್ನಿಲ್ಲ."

ಧೃತಿ ನನ್ನ ಎಣ್ಣೆ ಕೈಯನ್ನು ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಕೂಸು ಹೋದದ್ದು ಎಲ್ಲರಿಗೂ ಗೊತ್ತಿತ್ತು; ಹೇಗೆ ಹೋಯಿತೆಂದು ಇಪ್ಪತ್ತೆರಡು ವರ್ಷದಲ್ಲಿ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಮನಸ್ಸು ಹಗುರವಾಯಿತೆಂದರೆ ಸುಳ್ಳು. ಆದರೆ ಮಾರನೆಯ ದಿನದಿಂದ ಅವಳು ಕರೆಯದೇ ಸ್ನಾನಕ್ಕೆ ಬರುತ್ತಿದ್ದಳು.

ಹನ್ನೊಂದನೇ ದಿನ ನಾಮಕರಣ. ಬೆಳಿಗ್ಗೆ ಅವಳ ಪಾದ ಒತ್ತಿದರೆ ನನ್ನ ಹೆಬ್ಬೆರಳಿನ ಗುಳಿ ಹಾಗೇ ಉಳಿಯಿತು.

"ತಲೆ ಒಡೆದುಹೋಗ್ತಿದೆ ಪದ್ಮಮ್ಮ. ಕಣ್ಮುಂದೆ ಏನೇನೋ ಮಿಣುಕತ್ತೆ. ಈ ಫೋನ್ ತಗೊಂಡ್ಹೋಗಿ, ಇದರ ಬೆಳಕೂ ಚುಚ್ಚತ್ತೆ."

ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಗಂಡ ಸುಶ್ರುತನ ಹತ್ತಿರ ಓಡಿದೆ. ಅವನು ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದ.

"ಸಾಮಿ, ಆಸ್ಪತ್ರೆಗ್ ಕರ್ಕೊಂಡೋಗಿ. ಕಾಲ್ ಕಟ್ಕತೀನಿ. ನಂಗೂ ಇಂಗೇ ಸುರುವಾಗಿದ್ದು."

"ನಾನು ಗೂಗಲ್ ಮಾಡಿದೀನಿ ಪದ್ಮಾ. ಡೆಲಿವರಿ ಆದ್ಮೇಲೆ ಸ್ವೆಲ್ಲಿಂಗ್ ಕಾಮನ್. ಅಮ್ಮಾ, ಡಾಕ್ಟರ್‌ಗೆ ಒಂದು ಕಾಲ್ ಮಾಡ್ಲಾ?"

"ಡಾಕ್ಟರ್ ಯಾಕೋ?" ಇಂದುಮತಮ್ಮ ಅಡುಗೆಮನೆಯಿಂದ ಬಂದರು. "ಈ ಹಾಳು ಹೆಂಗಸು ಕದ್ದು ನೀರು ಕುಡಿಸಿದ್ದಕ್ಕೇ ಅವಳು ಊದಿರೋದು. ನಾನು ನೋಡಿಲ್ಲ ಅನ್ಕೊಂಡಿದ್ದಾಳೆ. ನಲವತ್ತು ಜನ ಬರ್ತಿದಾರೆ. ಒಂದು ಮಾತ್ರೆ ಕೊಡು, ಹೆಸರಿಟ್ಟ ಮೇಲೆ ಮಲಗಲಿ. ಏ, ಪುರೋಹಿತರು ಬರೋ ಹೊತ್ತು. ಜನ ಹೋಗೋವರೆಗೂ ನೀನು ಗರಾಜಲ್ಲಿ ಬಿದ್ದಿರು."

ಸುಶ್ರುತ ತಲೆ ತಗ್ಗಿಸಿ ಮತ್ತೆ ಹೂವಿಗೆ ದಾರ ಸುತ್ತತೊಡಗಿದ.

ಗರಾಜಿನ ಬಾಗಿಲಾಚೆ ಕಾರುಗಳು ಬಂದು ನಿಂತವು. ಒಳಗೆ ಮಂತ್ರ ಶುರುವಾಯಿತು. ಯಾರೋ ನಕ್ಕರು. ನಾನು ಧೃತಿಯ ಫೋನನ್ನು ತೆಗೆದೆ. ಲಿಸ್ಲ್‌ನಲ್ಲಿ ಬದರೀನಾಥರು ನನಗೆ ಮೊದಲ ದಿನವೇ ಕಲಿಸಿದ ಪಾಠ ಒಂದೇ: ನೈನ್ ಒನ್ ಒನ್ ಒತ್ತಿದರೆ ಪೊಲೀಸರು ಬಂದು ನಿನ್ನನ್ನೇ ಎಳೆದುಕೊಂಡು ಹೋಗುತ್ತಾರೆ. ಬೀಗ ಹಾಕಿದ ಫೋನಿನಲ್ಲೂ ಆ ನಂಬರು ಹೋಗುತ್ತದೆ, ವಿಳಾಸ ಹೇಳದಿದ್ದರೂ ಆಂಬ್ಯುಲೆನ್ಸ್ ಬರುತ್ತದೆಂದು ಧೃತಿ ಒಮ್ಮೆ ತೋರಿಸಿ ಹೇಳಿದ್ದಳು. ಒತ್ತಿದೆ.

"ಬೇಬಿ ಮದರ್. ಫಿಟ್ಸ್. ಕಮ್" ಎಂದೆ. ಫಿಟ್ಸು ಇನ್ನೂ ಬಂದಿರಲಿಲ್ಲ. ಬರಲೆಂದು ಕಾಯುವವಳು ನಾನಲ್ಲ.

ಫೋನನ್ನು ಹಾಗೇ ಹಿಡಿದು ಒಳಗೆ ನುಗ್ಗಿದೆ. ರೇಷ್ಮೆ ಸೀರೆಗಳು ಪಕ್ಕಕ್ಕೆ ಸರಿದವು. "ಮಡಿ, ಮಡಿ" ಎಂದು ಪುರೋಹಿತರು ಪಂಚೆ ಎತ್ತಿಕೊಂಡರು. ರಂಗೋಲಿ ತುಳಿದುಕೊಂಡೇ ಹೋದೆ. ಮಣೆಯ ಮೇಲೆ ಮಗುವನ್ನು ಹಿಡಿದು ಕೂತಿದ್ದ ಧೃತಿಯ ಕಣ್ಣು ಎಲ್ಲೋ ನೆಟ್ಟಿತ್ತು. ಮಗುವನ್ನು ಕಿತ್ತು ಸುಶ್ರುತನ ತೆಕ್ಕೆಗೆ ಹಾಕುವಷ್ಟರಲ್ಲಿ ಅವಳ ಮೈ ಬಿಲ್ಲಿನಂತೆ ಸೆಟೆಯಿತು. ಬಾಯಲ್ಲಿ ನೊರೆ.

"ಮಗ್ಗುಲಿಗೆ ತಿರುಗ್ಸಿ, ನನ್ ಮಕ್ಳ. ಮಂತ್ರ ಆಮೇಲ್ ಯೋಳೀರಂತೆ."

ಯಾರೂ ಮುಂದೆ ಬರಲಿಲ್ಲ. ನಾನೇ ತಿರುಗಿಸಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಆಂಬ್ಯುಲೆನ್ಸಿನವರು ಅವಳ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವಸರದಿಂದ ಹೊತ್ತೊಯ್ದರು. ಅವಳು ಕಣ್ಣು ಬಿಡಲಿಲ್ಲ. ಬದುಕುತ್ತಾಳೋ ಇಲ್ಲವೋ, ಕೇಳಲು ನನಗೆ ಭಾಷೆ ಇರಲಿಲ್ಲ.

ಅವರ ಹಿಂದೆಯೇ ಬಂದಿದ್ದ ಪೊಲೀಸ್ ಹೆಂಗಸು ಬಾಗಿಲಲ್ಲಿ ನಿಂತು ನನ್ನತ್ತ ಬೆರಳು ತೋರಿಸಿ ಏನೋ ಕೇಳಿದಳು. ಸುಶ್ರುತ ಒಂದು ಕಾಲಿಗೆ ಶೂ ಹಾಕಿಕೊಳ್ಳುತ್ತಲೇ, "ಮೈ ಆಂಟಿ. ವಿಸಿಟಿಂಗ್" ಎಂದ. ನನ್ನ ಕಡೆ ತಿರುಗಿ ಮೆಲ್ಲಗೆ, "ಹೂಂ ಅಂತ ತಲೆ ಆಡಿಸಿ ಪದ್ಮಮ್ಮ, ಪ್ಲೀಸ್" ಎಂದ.

ಇಂದುಮತಮ್ಮ ಪಕ್ಕಕ್ಕೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು. ಹತ್ತು ತಿಂಗಳಲ್ಲಿ ಮೊದಲ ಸಲ ಆ ಕೈ ನನ್ನ ಮೈ ಮುಟ್ಟಿತು.

"ನಮ್ಮವಳೇ ಅಲ್ವೇನೇ ನೀನು" ಎಂದರು.

"ನೋ ಆಂಟಿ" ಎಂದೆ ಪೊಲೀಸ್ ಹೆಂಗಸಿಗೆ. "ಸರ್ವೆಂಟ್. ಸ್ಲೀಪ್ ಗರಾಜ್. ಮೈ ಪಾಸ್‌ಪೋರ್ಟ್..." ಎಂದು ಮಹಡಿಯ ಕಡೆ ಕೈ ತೋರಿಸಿದೆ.

ಇಂದುಮತಮ್ಮನ ಕೈ ನನ್ನ ಹೆಗಲಿನಿಂದ ಜಾರಿತು. ಪೊಲೀಸ್ ಹೆಂಗಸು ನೋಡುತ್ತಿದ್ದಂತೆಯೇ, ಅಭ್ಯಾಸಬಲ, ಆ ಕೈಯನ್ನು ಸೆರಗಿಗೆ ಒರೆಸಿಕೊಂಡರು.