ತೆಂಗಿನಕಾಯಿಗೆ ಬಾಯಿಬಿಟ್ಟ ಮಂಜುಗಡ್ಡೆ

ಸಮುದ್ರದಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳಾದ್ರೆ ನನ್ನ ತಳಕ್ಕೆ ತೂತು ಬೀಳಲಿ.

ನಾನೊಂದು ಟಗ್ಗು. ಅಂದ್ರೆ ದೊಡ್ಡ ಹಡಗುಗಳನ್ನ ಎಳೆದು, ನೂಕಿ ಬಂದರಿನ ಕಟ್ಟೆಗೆ, ನಮ್ಮ ಮಾತಲ್ಲಿ ದಕ್ಕೆಗೆ, ತಂದು ನಿಲ್ಲಿಸುವ ಕುಳ್ಳ ದೋಣಿ. ಹುಟ್ಟಿದ್ದು ಮಲ್ಪೆ ಕಡೆ, ಹೊಳೆ ಬದಿಯ ಒಂದು ದೋಣಿ ಕಟ್ಟುವ ಯಾರ್ಡಲ್ಲಿ. ವೆಲ್ಡಿಂಗಿನ ಕಿಡಿ ಬಿದ್ದು ಬಿದ್ದು ಕಣ್ಣುಬಿಟ್ಟೆ. ಮೊದಲ ಧಣಿ ಅದಿರಿನ ಹಡಗು ಎಳೆಸಿದ. ಅವ ವ್ಯಾಪಾರ ಬಿಟ್ಟಾಗ ನನ್ನನ್ನ ಕೊಂಡದ್ದು ಯಾರು ಗೊತ್ತುಂಟಾ? ಉತ್ತರ ಧ್ರುವದ ಬುಡದಲ್ಲಿರುವ ಸ್ಕಾರ್ವಿಕ್ ಅಂತ ಮುಷ್ಟಿಯಷ್ಟು ಬಂದರಿನವರು! ನನ್ನನ್ನ ನಡೆಸುವ ತಾಂಡೇಲ ವಾಮನ ಮೆಂಡನ್ನೂ ಜೊತೆಗೆ ಬಂದ, ಒಂದು ಮೂಟೆ ತೆಂಗಿನಕಾಯಿ ಹೊತ್ತುಕೊಂಡು.

ಅಲ್ಲಿಯ ಚಳಿ ಎಂತ ಹೇಳುವುದು ಮಾರಾಯ್ರೆ! ನನ್ನ ಹೊಗೆ ಹೊರಗೆ ಬಂದದ್ದೇ ಕಂಬದ ಹಾಗೆ ನಿಂತುಬಿಡ್ತಿತ್ತು. ವಾಮನ ಅದಕ್ಕೆ ಹಗ್ಗ ಕಟ್ಟಿ ಲುಂಗಿ ಒಣಹಾಕ್ತಿದ್ದ.

ಬಂದರು ನೋಡಿಕೊಳ್ಳುವವಳು ಟೂರಿಡ್. ವಾಮನನಿಗೆ ಟೂರಿಡಕ್ಕ. ಆಕೆಗೆ ಒಂದೇ ಹಠ. "ಬೇಸಿಗೇಲಿ ಮಂಜು ಕರಗಿದ್ರೆ ಮೂಡಣ ದೇಶದ ಹಡಗುಗಳು ನಮ್ಮ ಮುಂದೆಯೇ ಯುರೋಪಿಗೆ ಹೋಗ್ತವೆ, ಅದು ಹತ್ತಿರದ ದಾರಿ. ಇಲ್ಲಿ ನಿಂತು ಎಣ್ಣೆ, ನೀರು, ಮೀನು ತುಂಬಿಸಿಕೊಂಡ್ರೆ ಊರಿಗೆ ಕೆಲಸ. ನಿಲ್ಲದಿದ್ರೆ ದಡದಲ್ಲಿ ಕೂತು ಹೊಗೆ ನೋಡುವುದೇ ನಮ್ಮ ಪಾಲು."

ಆ ವರ್ಷ ಮೇಲಿನವರು ಖಡಾಖಂಡಿತ ಹೇಳಿದ್ರು: ಒಂದು ಹಡಗಾದ್ರೂ ನಿಲ್ಲದಿದ್ರೆ ಬಂದರಿಗೆ ಬೀಗ. ಬೇಸಿಗೆ ಮುಗೀತಾ ಬಂದಾಗ ಒಂದು ಹಡಗು ಕಂಡಿತು. ಅಷ್ಟರಲ್ಲಿ ಹಾಳು ಗಾಳಿ ಎಲ್ಲಿಂದಲೋ ಮಂಜುಗಡ್ಡೆ ತಂದು ನಮ್ಮ ಬಾಗಿಲಿಗೇ ತುರುಕಿತ್ತು.

ನಮ್ಮ ಟಗ್ಗು ದಾರಿ ಮಾಡ್ತದೆ ಅಂತ ವಾಮನ ಹೇಳಿದ್ದಕ್ಕೆ ಆ ಹಡಗಿನ ಕ್ಯಾಪ್ಟನ್ ರೇಡಿಯೋದಲ್ಲಿ ನಕ್ಕ. "ಆ ಬಿಸಿಲೂರಿನ ಡಬ್ಬಿ ನನಗೆ ದಾರಿ ಮಾಡ್ತದಾ? ನಾನು ಮುಂದಿನ ದೊಡ್ಡ ಬಂದರಿಗೇ ಹೋಗ್ತೇನೆ."

ಡಬ್ಬಿಯಂತೆ! ನನ್ನ ಇಂಜಿನ್ ಕುದೀತು.

"ಬೇಡ ವಾಮನ, ತಳ ಒಡೀತದೆ," ಅಂದಳು ಟೂರಿಡಕ್ಕ.

"ಕಾಯಿ ಒಡೆಯದೆ ಹೊರಟ್ರೆ ಅಲ್ವಾ ಅಕ್ಕ, ತಳ ಒಡೆಯುವುದು? ನೀವು ಸುಮ್ನಿರಿ."

ನಮ್ಮ ಕಡೆ ಹೊಸ ಕೆಲಸಕ್ಕೆ ಹೊರಡುವ ಮೊದಲು ದೋಣಿಯ ಮೂತಿಗೆ ಕಾಯಿ ಒಡೀಲೇಬೇಕು. ವಾಮನ ಎತ್ತಿ ಹೊಡೆದ. ಚಳಿಗೆ ಕಲ್ಲಾಗಿದ್ದ ಕಾಯಿ ಒಡೆಯಲಿಲ್ಲ, ನನ್ನ ಮೂತಿಗೇ ತಗ್ಗು ಬಿತ್ತು! ಕಾಯಿ ಪುಟಿದು ಮಂಜುಗಡ್ಡೆ ಮೇಲೆ ಬಿತ್ತು. ಪಟಾರ್! ದಕ್ಕೆಯಿಂದ ಹಡಗಿನ ತನಕ ಬೈತಲೆ ತೆಗೆದ ಹಾಗೆ ಗಡ್ಡೆ ಸೀಳಿತು.

ಆ ಸೀಳಿಗೆ ಮೂತಿ ತುರುಕಿದೆ ನೋಡಿ. ಬಣ್ಣ ಕಿತ್ತುಹೋಯ್ತು, ಪಕ್ಕೆಲುಬು ಲಟಲಟ ಅಂತು. ನಾನು ನಿಲ್ಲಲಿಲ್ಲ. ದಾರಿ ತೆರೆದ ಮೇಲೆ ಹಡಗಿನ ಹತ್ರ ಹೋದೆ. ಹಗ್ಗ ಹಾಕಿ ಎಳೆದು ತಂದೆ.

ಇಳಿದ ಕ್ಯಾಪ್ಟನ್ ಹತ್ರ ವಾಮನ ಕೇಳಿದ, "ಡಬ್ಬಿಯಲ್ಲಿ ಕೂತು ಚಾ ಕುಡೀತೀರಾ ಸ್ವಾಮಿ?"

ಬೀಗ ಬೀಳಲಿಲ್ಲ. ಈಗ ಪ್ರತಿ ಬೇಸಿಗೆಗೂ ಹಡಗು ನಿಲ್ತದೆ. ಹೊಸ ಟಗ್ಗೂ ಬಂದಿದೆ, ನಾನು ಮುದಿಯಾಗಿ ಮೂಲೇಲಿದ್ದೇನೆ. ನನ್ನನ್ನ ಎಳೆದೊಯ್ದು ಕರಗಿಸಲಿಕ್ಕೆ ಗುಜರಿಯವ ಬಂದು ಚೈನು ಕಟ್ಟಿದ. ನಾನು ಕಡಿದೆ. ಪುನಃ ಕಟ್ಟಿದ. ಅವನ ದೋಣಿಯನ್ನೇ ಎಳೆದು ದಕ್ಕೆಗೆ ಬಡಿದೆ. ಕರಗಲಿಕ್ಕೆ ನಾನೇನು ಮಂಜುಗಡ್ಡೆಯಾ?

ಮೂತಿಯ ತಗ್ಗು ಹಾಗೇ ಉಂಟು. ನಂಬದವರು ಬಂದು ಕೈಯಿಟ್ಟು ನೋಡಿ. ಬರಿಗೈಲಿ ಮಾತ್ರ ಬರಬೇಡಿ, ವಾಮನನ ಮೂಟೆ ಖಾಲಿಯಾಗಿದೆ. ನನ್ನ ಮೂತಿಗೆ ಒಡೀಲಿಕ್ಕೆ ಒಂದು ತೆಂಗಿನಕಾಯಿ ತನ್ನಿ, ಗಟ್ಟಿಯದ್ದೇ ನೋಡಿ. ಗುಜರಿಯವ ನಾಳೆ ಪುನಃ ಬರ್ತಾನಂತೆ.