ಗುರುಸ್ವಾಮಿ ಮೇಷ್ಟ್ರ ಟ್ಯಾಂಕು

ನ್ಯಾಮತಿಯಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿ ನಿವೃತ್ತರಾದ ಗುರುಸ್ವಾಮಿ ಮೇಷ್ಟ್ರ ಮಾತಿಗೆ ಊರಿನಲ್ಲಿ ಇನ್ನೂ ತೂಕವಿತ್ತು. ಗಾದ್ರಪ್ಪನ ಹೋಟೆಲಿನಲ್ಲಿ ಕೂತು ಅವರು ಈ ಸಲ ಮಳೆ ತಡ ಎಂದರೆ, ಮೋಡ ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಇಂಥ ಮೇಷ್ಟ್ರು ಮಧ್ಯಾಹ್ನ ಊಟವಾದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಟ್ಯಾಂಕು ಓಡಿಸುತ್ತಾರೆಂಬುದು ಹೆಂಡತಿ ನಿರ್ಮಲಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲೆಲ್ಲಿಯವರೋ ಇಂಟರ್ನೆಟ್ಟಿನಲ್ಲಿ ಕೂಡಿ, ಎರಡು ಪಂಗಡವಾಗಿ, ಒಬ್ಬರ ಟ್ಯಾಂಕನ್ನು ಇನ್ನೊಬ್ಬರು ಸುಡುವ ಆಟ. ಮೇಷ್ಟ್ರು ಸುಮಾರು ಜನರನ್ನು ಸುಟ್ಟಿದ್ದರು. ಹೊರಗೆ ಕೇಳಿದವರಿಗೆ ಅದು ಪಿಂಚಣಿ ಕೆಲಸ.

ಒಂದು ಸೋಮವಾರ ಟ್ಯಾಂಕು ಹೊರಡಲಿಲ್ಲ. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು, ಕೊನೆಗೆ ಸಂಪರ್ಕವಿಲ್ಲ ಎಂದಿತು. ಮಂಗಳವಾರವೂ ಅಷ್ಟೇ. ಮನೆಗೂ ಊರಿನ ಅಂಗಡಿಗಳಿಗೂ ಇಂಟರ್ನೆಟ್ ಲೈನ್ ಎಳೆದುಕೊಟ್ಟವನು ಅವರದೇ ಶಿಷ್ಯ ನವಾಜ್. ಬೈಕಿಗೆ ವೈರಿನ ಸುರುಳಿ ಕಟ್ಟಿಕೊಂಡು ಬಂದ, ಕಂಬ ಹತ್ತಿದ, ಇಳಿದ, ಪಿಂಚಣಿಯ ಪುಟ ತೆರೆದು ತೋರಿಸಿದ. ಸಲೀಸಾಗಿ ತೆರೆಯಿತು. ಮತ್ತೇನು ಬರುತ್ತಿಲ್ಲ ಎಂದು ಕೇಳಿದ. ಮೇಷ್ಟ್ರು ಟ್ಯಾಂಕಿನ ಸುದ್ದಿ ಎತ್ತಲಿಲ್ಲ. ನೀನು ಹೋದ ಮೇಲೆ ಕೆಡುತ್ತದೆ ಎಂದುಬಿಟ್ಟರು. ಮರುದಿನ ಪಾಪ, ಇಡೀ ವೈರನ್ನೇ ಬದಲಿಸಿಕೊಟ್ಟ. ಟ್ಯಾಂಕು ಮಿಸುಕಲಿಲ್ಲ.

ಗುರುವಾರ ಸಿಟ್ಟು ತಡೆಯದೆ ಹೋಟೆಲಿನಲ್ಲಿ ಅಂದರು: “ನವಾಜನ ಲೈನ್ ನಂಬಾಕೆ ಹೋಗಬ್ಯಾಡ್ರಿ. ಓದೋವಾಗ್ಲೂ ಅರ್ಧಂಬರ್ಧ, ಈಗ್ಲೂ ಅರ್ಧಂಬರ್ಧ.”

ಅಷ್ಟು ಸಾಕಾಯಿತು. ಶನಿವಾರದೊಳಗೆ ಗಾದ್ರಪ್ಪ ನವಾಜನ ಲೈನ್ ಬಿಚ್ಚಿಸಿದ. ಎದುರಿನ ಔಷಧಿ ಅಂಗಡಿಯ ಧರ್ಮಪ್ಪ ಬೇರೆ ಕಂಪನಿಗೆ ಒಂದು ವರ್ಷಕ್ಕೆ ಸಹಿ ಹಾಕಿದ. ಸವಳಂಗ ರಸ್ತೆಯ ಅಂಗಡಿಯವರೂ ಮೇಷ್ಟ್ರೇ ಅಂದರಂತೆ ಎಂದು ಮಾತಾಡಿಕೊಳ್ಳತೊಡಗಿದರು.

ಭಾನುವಾರ ನವಾಜ್ ಕರೆಯದೆಯೇ ಬಂದ. ಕಂಬದ ಕಡೆ ನೋಡದೆ ನೇರ ಕಂಪ್ಯೂಟರಿನ ಮುಂದೆ ಕೂತ. ಹೊರಗಿನ ಕಳ್ಳಕಾಕರು ನುಗ್ಗದಂತೆ ಕಾಯುವ ಫೈರ್‌ವಾಲ್ ಎಂಬ ತಂತ್ರಾಂಶವನ್ನು ಮೇಷ್ಟ್ರು ಹಿಂದಿನ ಭಾನುವಾರವಷ್ಟೇ ತಾವೇ ಹಾಕಿಕೊಂಡಿದ್ದರು. ಅದು ಬಾಗಿಲಲ್ಲೇ ತಡೆದು ನಿಲ್ಲಿಸಿದವರ ಪಟ್ಟಿಯನ್ನು ನವಾಜ್ ತೆಗೆದ. ಪಟ್ಟಿಯಲ್ಲಿ ಒಂದೇ ಹೆಸರು. ಪಕ್ಕದಲ್ಲಿ ಟ್ಯಾಂಕಿನ ಪುಟ್ಟ ಚಿತ್ರ, ಸೋಮವಾರದ ತಾರೀಖು.

ಮೇಷ್ಟ್ರಿಗೆ ಆಗ ನೆನಪಾಯಿತು. ಅವತ್ತು ಆಟ ಶುರುವಾಗುವ ಹೊತ್ತಿಗೆ ಒಂದು ಚೌಕ ಎದ್ದು ನಿಂತು ಏನೋ ಕೇಳಿತ್ತು. ಯುದ್ಧಕ್ಕೆ ಹೊರಟವರಿಗೆ ಅಡ್ಡ ಬಂದಿತೆಂದು, ಓದದೆ, ಬೇಡ ಎಂದು ಒತ್ತಿದ್ದರು.

“ಇದನ್ನ ಬಿಡ್ಲಾ ಅಂತ ಕೇಳೈತೆ ಸಾರ್. ನೀವೇ ಬ್ಯಾಡ ಅಂದೀರಿ,” ಎಂದ ನವಾಜ್. ಪರದೆ ನೋಡುತ್ತಲೇ ಸೇರಿಸಿದ: “ಪ್ರಶ್ನೆ ಪೂರ್ತಿ ಓದ್ದೆ ಉತ್ತರ ಬರಿಯೋನು ಕತ್ತೆ ಅಂತ ನಮಗೆ ಹೇಳ್ತಿದ್ರಿ.”

ನಿರ್ಮಲಮ್ಮ ನೀರು ತಂದಿಟ್ಟು ಸರಕ್ಕನೆ ಒಳಗೆ ಹೋದರು. ನಗುವುದಕ್ಕೇ ಹೋದರೆಂದು ಮೇಷ್ಟ್ರಿಗೆ ಗೊತ್ತು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ನವಾಜನನ್ನೂ ಕರೆದುಕೊಂಡು ಹೋಟೆಲಿಗೆ ಹೋದರು. ದಾರಿಯುದ್ದಕ್ಕೂ ಒಂದು ವಾಕ್ಯ ಹೊಸೆದಿದ್ದರು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

“ಲೈನ್ ಈಗ ಸರಿ ಐತೆ,” ಎಂದರು.

“ಅಂದ್ರೆ ಕೆಟ್ಟಿದ್ದು ನಿಜಾನೇ. ನೀವು ಹೇಳಿದ ಮ್ಯಾಲೆ ತಪ್ಪಾಕೆ ಸಾಧ್ಯ ಐತಾ ಮೇಷ್ಟ್ರೆ?” ಎಂದ ಗಾದ್ರಪ್ಪ.

ನವಾಜ್ ತಟ್ಟೆಯ ಮಂಡಕ್ಕಿಯಿಂದ ಕೈ ತೆಗೆದ. ಹೊಸೆದು ತಂದ ವಾಕ್ಯ ಅವನ ಕತ್ತಿಗೆ ಇನ್ನೊಂದು ಸುತ್ತು ಬಿಗಿದದ್ದು ಮೇಷ್ಟ್ರಿಗೆ ಕಂಡಿತು.

“ಲೈನ್ ಯಾವತ್ತೂ ಕೆಟ್ಟಿರ್ಲಿಲ್ಲ ಗಾದ್ರಪ್ಪ. ಪಿಂಚಣಿದೂ ಬರ್ತಿತ್ತು. ನಾನು ದಿನಾ ಟ್ಯಾಂಕ್ ಹೊಡಿಯೋ ಆಟ ಆಡ್ತೀನಿ. ಅದನ್ನ ಕೈಯಾರೆ ಬಂದ್ ಮಾಡ್ಕಂಡು ಇವನ ತಲೆಗೆ ಕಟ್ಟಿದೆ.”

ನಕ್ಕಿದ್ದರೆ ಒಳ್ಳೆಯದಿತ್ತು. ಯಾರೂ ನಗಲಿಲ್ಲ. ಗಾದ್ರಪ್ಪ ಒರೆಸಿದ ಮೇಜನ್ನೇ ಮತ್ತೆ ಒರೆಸಿ, ತನ್ನ ಲೈನ್ ವಾಪಸ್ ಹಾಕಿಕೊಡಲು ನವಾಜನಿಗೆ ಹೇಳಿದ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಧರ್ಮಪ್ಪ ಮಾತ್ರ, ಸಹಿ ಹಾಕಿಯಾಗಿದೆ, ವರ್ಷ ಕಳೆಯಲಿ ನೋಡೋಣ ಎಂದ. ಹೇಳುವಾಗ ಮೇಷ್ಟ್ರ ಮುಖ ನೋಡಲಿಲ್ಲ.

ನವಾಜ್ ಕೈ ತೊಳೆದು ಬಂದು, ಹೊರಡುವ ಮುಂಚೆ ಅವರ ಮೇಜಿನ ಹತ್ತಿರ ನಿಂತ.

“ಇನ್ಮ್ಯಾಲೆ ಅದು ಏನಾದ್ರೂ ಕೇಳಿದ್ರೆ ಓದ್ರಿ ಸಾರ್.”

“ಆತು,” ಎಂದರು ಮೇಷ್ಟ್ರು. ಅಂದ ಮೇಲೆ ನೋಡಿಕೊಂಡರೆ, ಯಾವಾಗಲೋ ಎದ್ದು, ಕೈ ಕಟ್ಟಿ ನಿಂತಿದ್ದರು.